ಮುಳ್ಳಿನ ಕೆಳಗಿನ ಒರತೆ

ಅನಗವಾಡಿ
18 ಅಕ್ಟೋಬರ್ 2024

ಅನುರಾಧಾ,

ನಿನ್ನ ಸೋದರತ್ತೆ ಸಿದ್ದಕ್ಕ ಬರೆಯುತ್ತಿದ್ದೇನೆ. ಆಶೀರ್ವಾದ ಆಮೇಲೆ, ಮೊದಲು ಬೈಗುಳ. ಸೋಮವಾರ ನಾನು ಮಾತಾಡುತ್ತಿರುವಾಗಲೇ ಫೋನ್ ಇಟ್ಟವಳು ನೀನು. ಅದರ ಹಿಂದಿನ ಸಲ ಇಟ್ಟವಳು ನಾನು, ಖರೆ. ಆದರೆ ನಾನು ಹಿರಿಯಳು, ಇಡಬಹುದು. ನಿನ್ನ ಅವ್ವ ಮುತ್ತವ್ವ ಈಗ ಫೋನನ್ನು ತನ್ನ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದ್ದಾಳೆ. “ನೀವಿಬ್ರೂ ಕಾಗದಾ ಬರಕೋರಿ. ಬೈಗಳಾ ಅಲ್ಲಿ ಮುಟ್ಟೂದ್ರಾಗ ಅರ್ಧಾ ತಣ್ಣಗ ಆಗಿರ್ತಾವು” ಅಂದಳು. ಈ ಮನೆಯಲ್ಲಿ ಅವಳೊಬ್ಬಳೇ ಮೆಲ್ಲಗೆ ಮಾತಾಡುವವಳು, ಕೊನೆಗೆ ನಡೆಯುವುದೂ ಅವಳದೇ.

ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳ ಅಕ್ಷರಗಳು ಹೀಗೇ ಇರುತ್ತವೆ. ನಗಬೇಡ.

ಊರಿನವರು ನಿನ್ನನ್ನು ಕಲ್ಲಿದ್ದಲು ಅಗೆಯುವವಳು ಅನ್ನುತ್ತಾರೆ. ನಿನ್ನ ಅಪ್ಪ ಭೀಮಶಿಗೆ ಕೇಳಿದರೆ ಅವನಿಗೂ ಸರಿಯಾಗಿ ಗೊತ್ತಿಲ್ಲ. ನೀನು ಫೋನಿನಲ್ಲಿ ಹೇಳಿದ್ದಿಷ್ಟು: ಕೊರೆಯುವ ಮಷಿನ್ ಯಾವ ಹಳ್ಳಿಗೆ ಬರುತ್ತದೋ ಅಲ್ಲಿಗೆ ಮೊದಲೇ ಹೋಗಿ ನೆಲ ಎಂಥದು, ಕಲ್ಲು ಯಾವುದು, ನೀರು ಎಲ್ಲೆಲ್ಲಿದೆ ಎಂದು ನೋಡಿ ಬರೆಯಬೇಕು. ಅಲ್ಲಿಗೇ ನನಗೆ ಸಿಟ್ಟು ಬಂದದ್ದು. ನಮ್ಮಲ್ಲಿಗೂ ಹಾಗೆ ಬರೆಯುವವರು ಬಂದಿದ್ದರು. ಅವರು ಬರೆದುಕೊಂಡು ಹೋದರು, ಹಿಂದಿನಿಂದ ಹೊಳೆಗೆ ಕಟ್ಟಿದ ಆಣೆಕಟ್ಟಿನ ಹಿನ್ನೀರು ಬಂತು, ಹೊಲ ಹೋಯಿತು. ನೀನು ಆಗ ಹುಟ್ಟಿರಲಿಲ್ಲ.

ಅದಕ್ಕೆ ಕೇಳುತ್ತೇನೆ. ನೀನು ಅಲ್ಲಿ ಯಾರ ಕಡೆಯವಳು? ಊಟ ಛಲೋ ಇದೆ, ಬಿಸಿಲು ಬಹಳ ಅಂತ ಬರೆದು ಕಾಗದ ತುಂಬಿಸಬೇಡ. ನೆಲ ಬರೆ, ನೀರು ಬರೆ. ನಾನೂ ಓದಿ ನೋಡುತ್ತೇನೆ, ನಿನ್ನ ಬರಹ ಎಂಥದು ಅಂತ.

ಬೀರಪ್ಪನ ಗುಡಿಯ ಅರಿಶಿನ ಭಂಡಾರವನ್ನು ಪುಡಿಕೆ ಕಟ್ಟಿ ಇದರೊಳಗೆ ಇಟ್ಟಿದ್ದೇನೆ. ಹಣೆಗೆ ಹಚ್ಚಿಕೋ.

ಸಿದ್ದಕ್ಕ


ಕ್ಯಾಂಪ್, ಚಂದ್ರಪುರ ಜಿಲ್ಲೆ
11 ನವೆಂಬರ್ 2024

ಅತ್ತೆ,

ಭಂಡಾರ ಬಂತು. ಪುಡಿಕೆ ಒಡೆದು ಕಾಗದವೆಲ್ಲ ಹಳದಿಯಾಗಿತ್ತು. ಬೈಗುಳ ಮಾತ್ರ ತಣ್ಣಗಾಗಿರಲಿಲ್ಲ.

ನೆಲ ಬರೆ ಅಂದೆಯಲ್ಲ, ತಗೋ. ಮೇಲೆ ನಮ್ಮಲ್ಲಿಯಂಥದೇ ಎರೆ ಮಣ್ಣು. ಹತ್ತಿ ಬೆಳೆಯುತ್ತಾರೆ. ಆದರೆ ಹಳ್ಳ ಕೊರೆದ ದಂಡೆಯಲ್ಲಿ ಕೆಳಗೆ ನೋಡಿದರೆ ನಮ್ಮ ಕರಿಗಲ್ಲು ಇಲ್ಲ, ಹಳದಿ ಮರಳುಗಲ್ಲು. ಉಗುರಿನಿಂದ ಕೆರೆದರೆ ಉದುರುತ್ತದೆ. ಈ ಕಲ್ಲು ಮಳೆ ನೀರನ್ನು ಕುಡಿದು ಇಟ್ಟುಕೊಂಡು ನಿಧಾನಕ್ಕೆ ಬಿಡುತ್ತದೆ. ಅದರ ಕೆಳಗೆ ಬೂದು ಕಲ್ಲು, ಬೂದು ಕಲ್ಲಿನ ನಡುವೆ ಕಲ್ಲಿದ್ದಲು ಇರಬಹುದು. ಇದೆಯೋ ಇಲ್ಲವೋ, ಇದ್ದರೆ ಎಷ್ಟು ದಪ್ಪ ಎಂದು ತಿಳಿಯಲು ಮಷಿನ್ ತಂದು ಅಲ್ಲಲ್ಲಿ ಆಳದ ತೂತು ಕೊರೆಯುತ್ತಾರೆ. ಜನ ಕುಡಿಯುವ ನೀರಿನ ಹತ್ತಿರ ತೂತು ಬಿದ್ದರೆ ಮೇಲಿನ ಕಲ್ಲಿನ ನೀರು ಕೆಳಗಿಳಿದು ಹೋಗಬಹುದು. ಹಾಗಾಗಬಾರದು ಅಂತಲೇ ನನ್ನನ್ನು ಮೊದಲು ಕಳಿಸಿದ್ದು. ನಾನು ಎಲ್ಲಿ ನೀರಿದೆ ಎಂದು ಬರೆಯುತ್ತೇನೋ ಅದರಿಂದ ದೂರ ತೂತಿನ ಗುರುತು ಹಾಕುತ್ತಾರೆ. ಈಗ ಹೇಳು, ನಾನು ಯಾರ ಕಡೆಯವಳು?

ಆದರೆ ಇಲ್ಲಿನವರು ನನಗೆ ಏನೂ ಹೇಳುವುದಿಲ್ಲ. ಗುಡ್ಡದ ಬುಡದಲ್ಲಿ ಒಂದು ಸಣ್ಣ ವಾಡಿ ಇದೆ, ಗೊಂಡರ ಮನೆಗಳು. ಅಲ್ಲಿಯ ಬಾವಿ ನೀರು ಉಪ್ಪು, ನಾನೇ ಬಾಯಿಗೆ ಹಾಕಿ ಉಗುಳಿದೆ. ಮತ್ತೆ ಕುಡಿಯುವುದೇನು ಅಂದರೆ ಕೈಪಂಪು ತೋರಿಸುತ್ತಾರೆ. ಪಂಪಿನ ಹಿಡಿಕೆಗೆ ಜೇಡ ಬಲೆ ಕಟ್ಟಿದೆ. ಗುಡ್ಡದಲ್ಲಿ ಎಲ್ಲಾದರೂ ನೀರಿದೆಯೇ ಅಂದರೆ ಮನೆಮನೆಯಲ್ಲೂ ಒಂದೇ ಮಾತು, ಇಲ್ಲ. ಒಬ್ಬ ಮುದುಕಿ ಇದ್ದಾಳೆ, ನನಗೆ ಜೋಳದ ರೊಟ್ಟಿ ಕೊಡುತ್ತಾಳೆ, ಕುಡಿಯಲು ಸಿಹಿ ನೀರು ಕೊಡುತ್ತಾಳೆ. ಎಲ್ಲಿಂದ ತಂದೆ ಅಂದರೆ ನಗುತ್ತಾಳೆ. ನನ್ನ ಮರಾಠಿ ಅಷ್ಟೇನೂ ಕೆಟ್ಟಿಲ್ಲ, ಅವಳಿಗೆ ಅರ್ಥವಾಗುತ್ತದೆ. ಹೇಳುವುದಿಲ್ಲ, ಅಷ್ಟೇ.

ನೀರೇ ಇಲ್ಲ ಎಂದು ಬರೆದುಬಿಡಲೇ ಅನ್ನಿಸುತ್ತದೆ. ಕೇಳಿ ಕೇಳಿ ಸಾಕಾಗಿದೆ.

ಅನು


ಅನಗವಾಡಿ
2 ಡಿಸೆಂಬರ್ 2024

ಅನುರಾಧಾ,

ನೀರಿಲ್ಲ ಎಂದು ಬರೆದೆಯೋ, ಈ ಮನೆಯ ಹೊಸ್ತಿಲು ತುಳಿಯಬೇಡ. ಓದಿದವಳಿಗೆ ಇಷ್ಟೂ ತಿಳಿಯುವುದಿಲ್ಲವೆ? ಅವರು ಸುಳ್ಳು ಹೇಳುತ್ತಿದ್ದಾರೆ. ಹೇಗೆ ಗೊತ್ತು ಅಂದರೆ ನಾವೂ ಹೇಳಿದವರೇ.

ನಿನ್ನ ಅಪ್ಪ ನಿನಗೆ ಇದನ್ನು ಹೇಳಿರುವುದಿಲ್ಲ. ಕೇಳು. ಹಿನ್ನೀರು ಬರುವ ಮೊದಲು ನಮ್ಮ ಹೊಲದ ಅಂಚಿಗೆ ಹಳ್ಳ ಇತ್ತು. ಹಳ್ಳದ ಉಸುಕಿನಲ್ಲಿ ಒರತೆ. ಮೊಣಕಾಲುದ್ದ ತೋಡಿದರೆ ಸಾಕು, ಬೇಸಿಗೆಯಲ್ಲೂ ಜಿನುಗುತ್ತಿತ್ತು. ಕುರಿ ಕುಡಿಸಿ ಆದ ಮೇಲೆ ಮೇಲೆ ಚಪ್ಪಡಿ ಎಳೆದು, ಚಪ್ಪಡಿ ಮೇಲೆ ಜಾಲಿ ಮುಳ್ಳು ಹಾಕಿ ಬರುವುದು ನಮ್ಮ ರೂಢಿ. ಬೇರೆ ಹಿಂಡು ಬಂದು ತುಳಿದರೆ ನಮ್ಮ ಮರಿಗಳು ಕೆಸರು ನೆಕ್ಕಬೇಕು. ಅದಕ್ಕೇ ಕುರಿ ಕಾಯುವವರ ಮನೆಯಲ್ಲಿ ಮಕ್ಕಳಿಗೆ ಮೊದಲು ಕಲಿಸುವ ಸುಳ್ಳೇ ಅದು. ದಾರಿಹೋಕ ಯಾರು ಕೇಳಿದರೂ ನೀರಿಲ್ಲ ಅನ್ನಬೇಕು.

ಅಳೆಯುವವರು ಬಂದ ದಿನ ಭೀಮಶಿ ಹೊಲದಲ್ಲಿದ್ದ. ಅವರು ಸೀದಾ ಕೇಳಿದರು, ಇಲ್ಲಿ ನೀರಿನ ಆಸರೆ ಏನಾದರೂ ಇದೆಯೇ. ಇವನು ಕೈ ಕಟ್ಟಿ ನಿಂತು, “ಇಲ್ರೀ ಸಾಹೇಬ್ರ, ಹನಿ ನೀರಿಲ್ಲ ಇಲ್ಲಿ. ಕುರಿಗೋಳ್ನ ಹೊಳಿಗೇ ಹೊಡಕೊಂಡ ಹೋಗ್ತೀವಿ” ಅಂದ. ಮುಳ್ಳು ಅವನ ಬೆನ್ನ ಹಿಂದೆಯೇ ಇತ್ತು. ಅವರು ಬರಡು ಎಂದು ಬರೆದುಕೊಂಡರು. ಬರಡು ಹೊಲಕ್ಕೆ ಏನು ಪರಿಹಾರವೋ ಅದೇ ಬಂತು. ಅದರಲ್ಲಿ ಈ ಮಡ್ಡಿ ನೆಲ ತಗೊಂಡೆವು. ಇಲ್ಲಿ ಗುದ್ದಲಿ ಹಾಕಿದರೆ ಕಿಡಿ ಹಾರುತ್ತದೆ.

ಈ ಮಾತು ಎತ್ತಿದಾಗೆಲ್ಲ ಅವನು ಕುರಿಗಳ ಕಡೆ ಎದ್ದು ಹೋಗುತ್ತಾನೆ. ಹೋಗಲಿ. ಕುರಿಗಳೇ ಅವನ ಮಾತು ನಂಬಬೇಕು.

ನೀನು ಹುಡುಕು. ಸಿಗುತ್ತದೆ. ಸಿಕ್ಕರೆ ಬರೆ. ಬರೆಯದೆ ಉಳಿದದ್ದು ಇರಲೇ ಇಲ್ಲ ಎಂದಾಗುತ್ತದೆ, ನಮ್ಮದು ಆದಂತೆ.

ಸಿದ್ದಕ್ಕ


ಕ್ಯಾಂಪ್
9 ಫೆಬ್ರವರಿ 2025

ಅತ್ತೆ,

ಇಷ್ಟು ದಿನ ಬರೆಯಲಿಲ್ಲ ಎಂದು ಕೂಗಾಡಿರುತ್ತೀಯ. ನಿನ್ನ ಕಾಗದ ಓದಿದ ಮೇಲೆ ಸಿಟ್ಟು ನಿನ್ನ ಮೇಲೆ ಬರಬೇಕೋ ಅಪ್ಪನ ಮೇಲೆ ಬರಬೇಕೋ ತಿಳಿಯಲಿಲ್ಲ. ಇಷ್ಟು ವರ್ಷ ನನಗೆ ಯಾರೂ ಹೇಳಲಿಲ್ಲವಲ್ಲ.

ಸಿಕ್ಕಿತು.

ಗುಡ್ಡದ ಹಿಂಬದಿಯಲ್ಲಿ, ಹಳದಿ ಕಲ್ಲು ಮುಗಿದು ಜೇಡಿ ಮಣ್ಣಿನಂಥ ಪದರು ಶುರುವಾಗುವ ಕಡೆ. ಕಲ್ಲಿನೊಳಗಿನ ನೀರು ಆ ಜೇಡಿ ದಾಟಲಾರದೆ ಹೊರಗೆ ಬರಲೇಬೇಕು ಎಂದು ನನ್ನ ಓದು ಹೇಳುತ್ತಿತ್ತು. ಆದರೆ ಆ ಜಾಗದ ಮುಂದೆ ನಾನು ಮೊದಲೇ ಓಡಾಡಿದ್ದೆ, ಏನೂ ಕಂಡಿರಲಿಲ್ಲ. ಈ ಸಲ ಒಣ ಮುಳ್ಳಿನ ಕೊಂಬೆಗಳು ಕಂಡವು. ಮುಳ್ಳು ಅಲ್ಲಿಯ ಗಿಡದ್ದಲ್ಲ, ಹೊಲದ ಬೇಲಿಯದು. ಸರಿಸಿದರೆ ಸಾಗುವಾನಿ ಎಲೆ, ಎಲೆ ತೆಗೆದರೆ ಕಲ್ಲು ಕಟ್ಟಿದ ಸಣ್ಣ ಗುಂಡಿ. ತಿಳಿ ನೀರು. ತಳದಲ್ಲಿ ಉಸುಕು ಕುದಿಯುವ ಹಾಗೆ ಏಳುತ್ತಿತ್ತು.

ಬಗ್ಗಿ ಬೊಗಸೆಯಲ್ಲಿ ಕುಡಿಯುತ್ತಿದ್ದೆ. ತಲೆ ಎತ್ತಿದರೆ ರೊಟ್ಟಿ ಕೊಡುವ ಮುದುಕಿ ಕೊಡ ಹಿಡಿದು ನಿಂತಿದ್ದಳು. ಬೈಯಲಿಲ್ಲ. ಕೊಡ ಕೆಳಗಿಟ್ಟಳು, ನಾನು ಕುಡಿದು ಮುಗಿಸುವವರೆಗೆ ಕಾದಳು, ತುಂಬಿಕೊಂಡಳು. ಮತ್ತೆ ಎಲೆ ಮುಚ್ಚಿ, ಮುಳ್ಳು ಎಳೆದು, ನನ್ನ ಕಡೆ ನೋಡದೆ ಇಳಿದು ಹೋದಳು. ಅಂದಿನಿಂದ ನನಗೆ ರೊಟ್ಟಿ ಇಲ್ಲ.

ವರದಿಯ ಕರಡು ಏಪ್ರಿಲ್‌ಗೆ ಕೊಡಬೇಕು. ಬರೆಯುತ್ತೇನೆ. ನೀನು ಹೇಳಿದ್ದಕ್ಕಲ್ಲ, ಬರೆಯುವುದು ನನ್ನ ಕೆಲಸ.

ಅನು


ಅನಗವಾಡಿ
4 ಮಾರ್ಚ್ 2025

ಅನು,

ಸಿಗುತ್ತದೆ ಅಂದಿದ್ದೆನೋ ಇಲ್ಲವೋ?

ನಿನ್ನ ಕಾಗದ ಕೈಗೆ ಬಂದ ದಿನ ನನಗೆ ಮನೆಯಲ್ಲಿ ಕೂಡಲಾಗಲಿಲ್ಲ. ಭೀಮಶಿ ಹಿಂಡು ಹೊಡೆದುಕೊಂಡು ತೇರದಾಳದ ಕಡೆ ಹೋಗಿದ್ದಾನೆ. ಅಲ್ಲಿ ಕಬ್ಬು ಕಡಿದ ಒಂದು ಹೊಲದಲ್ಲಿ, ಗೊಬ್ಬರಕ್ಕೆಂದು ಹೊಲದ ಯಜಮಾನ ಕುರಿ ನಿಲ್ಲಿಸಿಕೊಂಡಿದ್ದಾನೆ. ರೊಟ್ಟಿ ಕಟ್ಟಿಕೊಂಡು ಬೀಳಗಿಗೆ ಹೋಗಿ ಬಸ್ಸು ಹತ್ತಿದೆ. ಜಮಖಂಡಿಯಲ್ಲಿ ಇಳಿದು ತೇರದಾಳದ ಬಸ್ಸಿಗೆ ಕಾದು, ಸೀಟಿಗಾಗಿ ಒಬ್ಬನ ಜೊತೆ ಜಗಳ ಮಾಡಿ, ಮಧ್ಯಾಹ್ನ ಮುಟ್ಟಿದೆ. ಅವನು ಬಲೆಯ ಬೇಲಿ ಕಟ್ಟುತ್ತಿದ್ದ. ರೊಟ್ಟಿ ಕೊಡುವ ಮೊದಲೇ ಕಾಗದ ತೆಗೆದು, ಹೊಲದವನೂ ಕೇಳುವ ಹಾಗೆ ದೊಡ್ಡದಾಗಿ ಓದಿದೆ. ನಿನ್ನ ಮಗಳು ಬರೆಯುತ್ತಾಳಂತೆ, ನೀನು ಮುಚ್ಚಿದ್ದನ್ನು ಅವಳು ತೆಗೆದಳು ಅಂದೆ.

ಈ ಸಲ ಅವನು ಎದ್ದು ಹೋಗಲಿಲ್ಲ. ಹಗ್ಗದ ಗಂಟು ಬಿಗಿದು ಮುಗಿಸಿ, “ಯಕ್ಕಾ, ಬರದ ಮ್ಯಾಲ ಆ ನೀರು ಯಾರದ ಆಗತೈತಿ? ಅಕಿಗೆ ಕೇಳು” ಅಂದ.

ಅಷ್ಟೇ. ರೊಟ್ಟಿ ಬಿಚ್ಚಿ ತಿಂದ. ನಾನು ಅದಕ್ಕೆ ಉತ್ತರ ಕೊಟ್ಟೆ, ಬಹಳ ಕೊಟ್ಟೆ. ಬಸ್ಸಿನಲ್ಲಿ ವಾಪಸು ಬರುವಾಗ ಮಾತ್ರ ನಾನು ಕೊಟ್ಟದ್ದು ಬರೀ ಬೈಗುಳ, ಉತ್ತರ ಅಲ್ಲ ಅನ್ನಿಸಿತು. ಅನ್ನಿಸಿದ್ದು ಅವನಿಗೆ ಹೇಳಬೇಡ.

ಅವನು ಮೂರ್ಖ. ಆದರೂ ಕೇಳಿದ್ದಾನೆ, ನೀನು ಉತ್ತರ ಬರೆ. ಯಾರದಾಗುತ್ತದೆ?

ಸಿದ್ದಕ್ಕ


ಕ್ಯಾಂಪ್
12 ಏಪ್ರಿಲ್ 2025

ಅತ್ತೆ,

ಅಪ್ಪನ ಪ್ರಶ್ನೆಗೆ ಉತ್ತರ ಸಿಕ್ಕಿದೆ. ಮಷಿನ್ನಿನದಾಗುತ್ತದೆ.

ಕೊರೆಯುವಾಗ ಮಷಿನ್ನಿಗೆ ದಿನವಿಡೀ ನೀರು ಬೇಕು, ತೂತಿನೊಳಗೆ ಬಿಡುತ್ತಿರಬೇಕು, ಇಲ್ಲದಿದ್ದರೆ ಸುಟ್ಟುಹೋಗುತ್ತದೆ. ನದಿ ದೂರ, ದಾರಿ ಕೆಟ್ಟದು. ಟ್ಯಾಂಕರ್ ಓಡಿಸುವ ಶಿವಾಜಿ ನನ್ನ ಕರಡಿನ ನಕಾಶೆ ನೋಡಿ ಕುಣಿದ, ತಾಯಿ ನಿನ್ನಿಂದ ನನ್ನ ಸೊಂಟ ಉಳಿಯಿತು ಅಂದ. ನಮ್ಮ ಕ್ಯಾಂಪಿನ ಸಾಹೇಬರು ನಾನು ಒರತೆ ಗುರುತು ಹಾಕಿದ ಕಡೆ ತಮ್ಮ ಪೆನ್ಸಿಲಿನಿಂದ ಒಂದು ಸುತ್ತು ಎಳೆದು, ಮಷಿನ್ನಿಗೆ ನೀರು ಇಲ್ಲಿಂದ ಎಂದು ಬರೆದಿದ್ದಾರೆ. ಒಳ್ಳೆಯ ಕೆಲಸ ಎಂದು ಬೆನ್ನು ತಟ್ಟಿದರು.

ಆ ಗುಂಡಿಯನ್ನು ನೀನು ನೋಡಿಲ್ಲ. ವಾಡಿಯ ಕೊಡಗಳಿಗೆ ಸಾಕು, ಪಂಪು ಹಾಕಿದರೆ ಮಧ್ಯಾಹ್ನದೊಳಗೆ ಉಸುಕು ಕಾಣುತ್ತದೆ. ಹಾಗೆ ಹೇಳಿದೆ. ಕೆಲವು ತಿಂಗಳ ಮಾತು, ಆಮೇಲೆ ಮತ್ತೆ ತುಂಬುತ್ತದೆ ಅಂದರು.

ಇನ್ನೂ ಸಹಿ ಹಾಕಿಲ್ಲ. ಒರತೆಯನ್ನು ವರದಿಯಿಂದ ತೆಗೆದುಹಾಕಬಹುದು. ತೆಗೆದರೆ ಮೊದಲಿನ ಯೋಜನೆಯೇ ಉಳಿಯುತ್ತದೆ, ಅದರ ಪ್ರಕಾರ ಒಂದು ತೂತು ಒರತೆಯ ತಲೆಯ ಮೇಲೇ ಬೀಳುತ್ತದೆ. ಬರೆದರೆ ಹೀರುತ್ತಾರೆ, ಬಿಟ್ಟರೆ ಕೊರೆಯುತ್ತಾರೆ.

ಬರೆ ಬರೆ ಎಂದವಳು ನೀನು. ಈಗ ಹೇಳು.

ಅನು


ಅನಗವಾಡಿ
26 ಏಪ್ರಿಲ್ 2025

ಅನು,

ಬರೆ ಅಂದದ್ದು ತಪ್ಪಾಯಿತು ಎಂದು ನನ್ನ ಕೈಯಿಂದ ಬರೆಸಬೇಡ. ಬರೆಯುವುದಿಲ್ಲ.

ನಿನ್ನ ಕಾಗದ ಬಂದಾಗಿನಿಂದ ಮನೆಯಲ್ಲಿ ಯಾರನ್ನೂ ನೆಟ್ಟಗೆ ಮಾತಾಡಿಸಿಲ್ಲ. ಒಲೆ ಮುಂದೆ ಕೂತರೆ ಏಳಬೇಕು, ಎದ್ದರೆ ಎಲ್ಲಿಗೆ ಹೋಗಬೇಕೋ ತಿಳಿಯದು. ಹಿನ್ನೀರು ಈಗ ಇಳಿದಿದೆ, ನಮ್ಮ ಹಳೆಯ ಹೊಲ ಬಿರಿದ ರಾಡಿಯಾಗಿ ಬಿದ್ದಿದೆ. ಹೋಗಿ ನಿಂತು ಬಂದೆ. ಅಲ್ಲಿ ನಿಂತರೂ ಸಿಟ್ಟೇ ಬಂತು.

ಮುತ್ತವ್ವ ನಿನ್ನೆ ಜೋಳ ಹಸನು ಮಾಡುತ್ತಾ, “ಬರೀ ಅಂದವರು ನೀವು. ಬ್ಯಾಡ ಅನ್ನುವಂಗ ಮಾತಾಡಿದವರು ಅನೂನ ಅಪ್ಪಾರು. ಆ ನೀರು ಕುಡ್ಯಾವರು ಏನಂತಾರ?” ಅಂದಳು. ಮೆಲ್ಲಗೇ ಅಂದಳು. ನನಗೆ ಮೊರ ಕಿತ್ತು ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ.

ಅಳೆಯುವವರು ಬಂದ ದಿನ ನಾನೂ ಅಲ್ಲೇ ಇದ್ದೆ, ಅನು. ಸೊಂಟದ ಮೇಲೆ ಕೊಡ ಇತ್ತು, ಆ ಒರತೆಯದೇ ನೀರು. ಅವರು ಭೀಮಶಿಯನ್ನು ಕೇಳಿದರು, ಬರೆದುಕೊಂಡರು, ಹೋದರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ, ಅದು ಗೊತ್ತಿಲ್ಲ. ಕೇಳಲಿಲ್ಲ ಅನ್ನುವುದು ಮಾತ್ರ ಗೊತ್ತು.

ನೀನೂ ಆ ಮುದುಕಿಗೆ ನೀರು ಎಲ್ಲಿದೆ ಎಂದು ಕೇಳಿದೆ. ಏನು ಮಾಡಲಿ ಎಂದು ಕೇಳಿಲ್ಲ. ಹೋಗಿ ಕೇಳು. ಬರೆದರೆ ಏನಾಗುತ್ತದೆ, ಬಿಟ್ಟರೆ ಏನಾಗುತ್ತದೆ, ಎರಡೂ ಹೇಳು. ಟ್ಯಾಂಕರಿನ ಮಾತನ್ನೂ ಮುಚ್ಚಬೇಡ. ಬೈದರೆ ಬೈಸಿಕೋ, ನಿನಗೆ ರೂಢಿ ಇದೆ.

ಬೇಗ ಬರೆ. ನಾನು ಕಾಯುವವಳಲ್ಲ, ಗೊತ್ತಲ್ಲ.

ಸಿದ್ದಕ್ಕ


ಕ್ಯಾಂಪ್
8 ಜೂನ್ 2025

ಅತ್ತೆ,

ಕೇಳಿದೆ.

ಮುದುಕಿ ಒಬ್ಬಳೇ ಉತ್ತರ ಕೊಡಲಿಲ್ಲ. ಮರುದಿನ ಬಾ ಅಂದಳು. ವಾಡಿಯ ಹೆಂಗಸರೆಲ್ಲ ಒರತೆಯ ಹತ್ತಿರ ಸೇರಿದ್ದರು. ಎರಡೂ ಹೇಳಿದೆ, ಟ್ಯಾಂಕರ್ ಸಹಿತ. ಒಬ್ಬಳು ನನ್ನ ಮೇಲೆ ಏರಿ ಬಂದಳು, ಮುಳ್ಳು ಸರಿಸಿದ ಕೈ ಇದೇ ತಾನೆ ಅಂದಳು. ಆಮೇಲೆ ನನ್ನನ್ನು ದೂರ ಮರದ ಕೆಳಗೆ ನಿಲ್ಲಿಸಿ ತಮ್ಮ ಭಾಷೆಯಲ್ಲಿ ವಾದ ಮಾಡಿದರು. ನನಗೆ ಒಂದು ಶಬ್ದವೂ ತಿಳಿಯಲಿಲ್ಲ. ನೆರಳು ನನ್ನನ್ನು ಬಿಟ್ಟು ಆಚೆ ಸರಿದರೂ ಅವರ ಮಾತು ಮುಗಿಯಲಿಲ್ಲ.

ಕೊನೆಗೆ ಕರೆದರು. ಬರೆ, ಆದರೆ ನೀರಿನ ಮೊದಲು ನಮ್ಮನ್ನು ಬರೆ ಅಂದರು. ಇದು ಈ ವಾಡಿ ಕುಡಿಯುವ ನೀರು, ಬೇರೆ ಇಲ್ಲ, ಪಂಪಿಗೆ ಕೊಡಲು ಇವರ ಒಪ್ಪಿಗೆ ಇಲ್ಲ ಎಂದು ಬರೆದೆ. ಓದಿ ಹೇಳಿದೆ. ಹೆಬ್ಬೆಟ್ಟು ಒತ್ತಿದರು. ಅದನ್ನು ವರದಿಗೆ ಸೇರಿಸಿ ನಾನೂ ಸಹಿ ಹಾಕಿದೆ.

ಸಾಹೇಬರು ಬೈಯಲಿಲ್ಲ. ಬೈದಿದ್ದರೆ ನಿನ್ನ ಹತ್ತಿರ ಬೆಳೆದವಳಿಗೆ ಸಲೀಸಾಗುತ್ತಿತ್ತು. ನಗುತ್ತಲೇ ನನ್ನನ್ನು ಇಲ್ಲಿಂದ ತೆಗೆದು ಬೇರೆ ಕಡೆ ಹಾಕಿದರು, ಇನ್ನೊಬ್ಬರು ಬಂದು ನೀರಿನ ಭಾಗವನ್ನು ಮತ್ತೆ ನೋಡುತ್ತಾರೆ ಅಂದರು. ಅವರು ಮೊನ್ನೆ ಬಂದರು. ನನಗಿಂತ ದೊಡ್ಡವರು, ಸಭ್ಯರು. ಜಾಗ ತೋರಿಸಿ ಒಪ್ಪಿಸಲು ನಾನೇ ವಾಡಿಗೆ ಕರೆದುಕೊಂಡು ಹೋದೆ. ಮುದುಕಿ ಬಾಗಿಲಲ್ಲಿ ಕೂತಿದ್ದಳು. ಅವರು ಕೇಳಿದರು, ನಾನು ಮೊದಲ ದಿನ ಕೇಳಿದ ಹಾಗೆಯೇ, ಗುಡ್ಡದಲ್ಲಿ ನೀರಿದೆಯೇ ಅಜ್ಜಿ ಎಂದು.

ಇಲ್ಲ ಅಂದರೆ ನಾನು ಬರೆದದ್ದೆಲ್ಲ ಸುಳ್ಳಾಗುತ್ತದೆ. ಇದೆ ಅಂದರೆ ಪಂಪು ಬರುತ್ತದೆ. ಅವಳು ಅಂದದ್ದನ್ನು ನಮ್ಮ ಮಾತಿನಲ್ಲಿ ಬರೆಯುತ್ತೇನೆ:

“ಐತಿ. ನಿನಗ ಕುಡ್ಯಾಕ ಬೇಕಂದ್ರ ಕುಂಡ್ರು, ತಂದು ಕೊಡ್ತೀನಿ. ಮಷಿನ್ನಿಗೆ ಬೇಕಂದ್ರ ಇಲ್ಲ.”

ಅವರು ಕೂತರು. ಅವಳು ತಂಬಿಗೆ ತಂದುಕೊಟ್ಟಳು. ಕುಡಿದರು. ಏನು ಬರೆಯುತ್ತಾರೋ ನನಗೆ ಗೊತ್ತಿಲ್ಲ. ಮಳೆಗಾಲ ಮುಗಿಯುವವರೆಗೆ ಮಷಿನ್ ಬರುವುದಿಲ್ಲ. ಹೊರಡುವ ಮೊದಲು ನನಗೂ ರೊಟ್ಟಿ ಕೊಟ್ಟಳು, ಮುಖ ಮಾತ್ರ ಇನ್ನೂ ಬಿಗಿಯೇ.

ಹೊಸ ವಿಳಾಸ ಲಕೋಟೆಯ ಹಿಂದೆ ಬರೆದಿದ್ದೇನೆ.

ಅನು


ಅನಗವಾಡಿ
21 ಜೂನ್ 2025

ಅನು,

ಭೀಮಶಿ ಹಿಂಡು ತಂದಿದ್ದಾನೆ, ಮನೆಯಲ್ಲೇ ಇದ್ದಾನೆ. ನಿನ್ನ ಕಾಗದವನ್ನು ಓದಿ ಹೇಳಿದೆ. ಮುದುಕಿಯ ಮಾತು ಬಂದಾಗ ಇನ್ನೊಮ್ಮೆ ಓದು ಅಂದ. ಓದಿದೆ. ಮತ್ತೊಮ್ಮೆ ಅಂದ. ಕಿವುಡನೇನು ಎಂದು ರೇಗಿದೆ, ಆದರೂ ಓದಿದೆ. “ನನಗ ‘ಇಲ್ಲ’ ಅನ್ನೂದು ಒಂದ ಬರ್ತಿತ್ತ ಯಕ್ಕಾ” ಅಂದ.

ಇಷ್ಟು ವರ್ಷದಲ್ಲಿ ಆ ದಿನದ ಬಗ್ಗೆ ಅವನು ಆಡಿದ ಮೊದಲ ಮಾತು. ನಾನು ಬೈಯಲಿಲ್ಲ. ನನಗೂ ‘ಇದೆ’ ಅನ್ನುವುದು ಒಂದೇ ಬರುತ್ತಿತ್ತು ಎಂದು ಹೇಳಬೇಕಿತ್ತು. ಚಹಾ ಮಾಡಿ ಕೊಟ್ಟೆ. ಅವನು ಅನುಮಾನದಿಂದ ನೋಡಿ ಕುಡಿದ.

ನಿನ್ನನ್ನು ತೆಗೆದು ಹಾಕಿದವನ ಮೇಲೆ ನನಗೆ ಬೇಕಾದಷ್ಟು ಸಿಟ್ಟಿದೆ, ಅದನ್ನು ಇನ್ನೊಂದು ಕಾಗದದಲ್ಲಿ ಬರೆಯುತ್ತೇನೆ. ಮಳೆಗಾಲ ಮುಗಿಯುವವರೆಗೆ ಮಷಿನ್ ಬರುವುದಿಲ್ಲ ಎಂದು ಬರೆದಿದ್ದೀಯ. ಮಳೆಗಾಲ ಮುಗಿಯುತ್ತದೆ ಅನು. ಆಮೇಲೆ? ಆ ಸಭ್ಯ ಮನುಷ್ಯ ನೀರು ಕುಡಿದ, ಕುಡಿದು ಏನು ಬರೆದ? ನೀನು ಬೇರೆ ಕಡೆ ಹೋದೆ ಎಂದು ಕೇಳುವುದನ್ನು ಬಿಡಬೇಡ. ವಾರಕ್ಕೊಮ್ಮೆ ಕೇಳು. ಶಿವಾಜಿಯನ್ನು ಕೇಳು, ಅವನಿಗೆ ಸೊಂಟದ ಚಿಂತೆ ಇದೆ, ಮೊದಲು ಅವನಿಗೇ ತಿಳಿದಿರುತ್ತದೆ.

ನನಗೆ ಇಲ್ಲಿ ಕೂತಲ್ಲಿ ಕೂಡಲಾಗುವುದಿಲ್ಲ. ದೀಪಾವಳಿಗೆ ಭೀಮಶಿ ಹಿಂಡು ಹೊಡೆದುಕೊಂಡು ಹೋಗುತ್ತಾನೆ. ಅವನು ಹೋದ ಮರುದಿನ ನಾನು ಆ ಕಡೆಗೆ ರೈಲು ಹತ್ತುತ್ತೇನೆ. ನೀನು ರಜೆ ಹಾಕಿ ಸ್ಟೇಷನ್ನಿಗೆ ಬಾ, ವಾಡಿಗೆ ಕರೆದುಕೊಂಡು ಹೋಗು. ಅವಳ ಬಾಗಿಲಲ್ಲಿ ಕೂತು, ಕುಡಿಯಲು ನೀರು ಬೇಕು ಎಂದು ನಾನೇ ಕೇಳುತ್ತೇನೆ. ಅವಳ ಭಾಷೆ ನನಗೆ ಬರುವುದಿಲ್ಲ. ಬಾಯಿಗೆ ಬೊಗಸೆ ಹಿಡಿದರೆ ಯಾರಿಗಾದರೂ ತಿಳಿಯುತ್ತದೆ.

ಸಿದ್ದಕ್ಕ